ಬಡಗಿ ಹತ್ರ ಇರೋ ಏಣಿ

ಪಲ್ಲವಿ,

ನಾನು ಕೊಬ್ಬರಿ ಆರಿಸೋಕೆ ಹೋಗಿದೀನಿ. ಮುದ್ದೆ ಮುಚ್ಚಿಟ್ಟಿದೀನಿ, ಆರೋಕೆ ಮುಂಚೆ ಉಣ್ಣು.

ಹೋದ ವಾರ ನಿನ್ನ ತೋಳು ಕಪ್ಪಾಗಿದ್ದಾಗ ಕಾಯಿ ಅಟ್ಟದ ಏಣಿ ತಗುಲ್ತು ಅಂದೆ ನೀನು. ನಾನೂ ನಂಬಿ, ನಿಮ್ಮಪ್ಪಂಗೆ ಬೈದು, ಏಣೀನ ರಿಪೇರಿಗೆ ಬಡಗಿ ಹತ್ರ ಕಳ್ಸಿದೆ. ಅದಿನ್ನೂ ಅಲ್ಲೇ ಇದೆ. ಇವತ್ತು ನೋಡಿದ್ರೆ ಮಣಿಕಟ್ಟಿನ ಮೇಲೆ ನಾಕು ಬೆರಳಿನ ಗುರುತು. ಕೇಳಿದ್ರೆ ಮತ್ತೆ ಏಣಿ ಅಂತೀಯ.

ನಿನ್ನ ಕ್ಲಾಸಿನ ಆ ಸಿದ್ಧಾರ್ಥ್ ಗಳಿಗೆಗೊಂದು ಸಲ ಫೋನ್ ಮಾಡಿ ಎಲ್ಲಿದೀಯ, ಯಾರ ಜೊತೆ ಇದೀಯ ಅಂತ ಕೇಳ್ತಿದ್ರೆ, ಅಕ್ಕರೆ ಅಂದ್ಕೊಂಡಿದ್ದೆ. ಅದು ಅಕ್ಕರೇನಾ, ಕಾವಲಾ? ನಂಗೇನೂ ತಿಳೀತಿಲ್ಲ ಕಣೇ.

ಅವನು ಕರೆದ್ರೂ ಹೋಗ್ಬೇಡ. ಸಂಜೆ ಇಬ್ರೂ ಕೂತು 1098ಕ್ಕೆ ಫೋನ್ ಮಾಡೋಣ, ಮಕ್ಕಳ ಸಹಾಯವಾಣಿಯಂತೆ. ಏನು ಕೇಳ್ತಾರೋ ಗೊತ್ತಿಲ್ಲ. ಏನಾಗಿದ್ರೂ ಹೇಳು, ಬೈಯಲ್ಲ. ಏಣಿ ಅಂತ ಮಾತ್ರ ಅನ್ಬೇಡ.

ಅಮ್ಮ