ಅಂಚಿನಲ್ಲಿ ಉಜ್ಜಿದ ಹೆಸರು

ಬೆಟಗೇರಿ
ಪಾಳಿವರ್ಷ ೧೧೮, ಹದಿಮೂರನೆಯ ತಿಂಗಳ ಮೂವತ್ತೇಳನೆಯ ದಿನ

ತಾಯಿ ಕಸ್ತೂರವ್ವನವರಿಗೆ, ನಿಮ್ಮ ಆರನೆಯ ತಲೆಮಾರಿನ ನೇಸರವ್ವನ ನಮಸ್ಕಾರ.

ಮೇಲಿನ ತಾರೀಖು ನೋಡಿ ಬರೆದವಳಿಗೆ ಲೆಕ್ಕ ಬಾರದೆಂದು ತಿಳಿಯಬೇಡಿ. ನಿಮ್ಮ ಕ್ಯಾಲೆಂಡರು ನಮ್ಮಲ್ಲಿ ಉಳಿದಿಲ್ಲ. ನನ್ನ ಮಾತುಗಳಲ್ಲೂ ಕೆಲವು ನಿಮಗೆ ಹೊಸವು. ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಬಳಿ ನಿಮ್ಮ ಮನೆಯ ಒಂದು ಸ್ಟೀಲ್ ತಾಟು ಇದೆ. ಅದರ ಅಂಚಿನಲ್ಲಿ 'ಕಸ್ತೂರವ್ವ ಇವರ ಮಗಳು' ಎಂದು ಕೊರೆದಿದೆ. ಮುಂದಿನ ಹೆಸರನ್ನು ಯಾರೋ ಅರ ಹಾಕಿ ಉಜ್ಜಿದ್ದಾರೆ. ಯಾರೋ ಏನು, ನೀವೇ.

ಮೊದಲು ನಮ್ಮ ಓಣಿಯ ವಿಷಯ ಹೇಳುತ್ತೇನೆ. ನೀವು ಮಗ್ಗ ಹಾಕಿದ್ದ ಓಣಿಯೇ ಇದು. ಈಗ ಪ್ರತಿ ಓಣಿಗೂ ಒಂದು ಪಾಳಿಮನೆ ಇದೆ. ಮನಸ್ಸಿಗೆ ಬೇನೆ ಬಂದವರಿರುವ ಮನೆಗೆ ಉಳಿದವರು ಪಾಳಿಯ ಮೇಲೆ ಹೋಗಿ ಜೊತೆಗೆ ಕೂರುತ್ತಾರೆ. ಆ ಹೊತ್ತು ಆ ಮನೆಯ ತಾಯಿ ಸಂತೆಗೆ ಹೋಗುತ್ತಾಳೆ, ಇಲ್ಲವೇ ಸುಮ್ಮನೆ ಕಾಲು ಚಾಚಿ ಮಲಗುತ್ತಾಳೆ. 'ಬಾಯಾಳು' ಎಂಬವರಿದ್ದಾರೆ. ಶಾಲೆ, ಕಚೇರಿ, ಕೋರ್ಟು, ಎಲ್ಲಿ ಈ ಮನೆಯವರ ಮಾತು ನಡೆಯುವುದಿಲ್ಲವೋ ಅಲ್ಲಿ ಅವರ ಬಾಯಾಗಿ ನಿಲ್ಲುವುದು ಇವರ ಕೆಲಸ. ಅದಕ್ಕೆ ಜಗಳಗಂಟರನ್ನೇ ಆರಿಸುತ್ತೇವೆ. ಬೇನೆ ಬಂದವರ ಹೆಸರನ್ನು ಅವರ ತಾಯಿಯೇ ಒಂದು ತಾಟಿನ ಮೇಲೆ ಕೊರೆದು ತಂದು ಪಾಳಿಮನೆಯ ಗೋಡೆಗೆ ತೂಗುಹಾಕಬೇಕು. ಅಂದಿನಿಂದ ಪಾಳಿ ಶುರು. ವಾರಕ್ಕೊಮ್ಮೆ ಎಲ್ಲರೂ ಸೇರಿ ಉಣ್ಣುವಾಗ ಆ ಹೆಸರುಗಳನ್ನು ಕೂಗುತ್ತೇವೆ, ಅವರು 'ಓ' ಎನ್ನುತ್ತಾರೆ. ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ನಿಮ್ಮ ಕಾಲದಂತೆಯೇ ಇವೆ. ಬೇನೆಯೂ ಹೋಗಿಲ್ಲ. ಔಷಧ ಸುಧಾರಿಸಿದೆ, ಅಷ್ಟೆ.

ಈ ಪಾಳಿಮನೆಯ ಹಿರಿಯಳು ನಾನು. ಹದಿನಾಲ್ಕು ವರ್ಷ ಮನೆಮನೆಯ ಬಾಗಿಲು ತಟ್ಟಿ, "ಮುಚ್ಚಿ ಇಡಬ್ಯಾಡ್ರಿ, ತಾಟು ತರ್ರಿ" ಎಂದು ಹೇಳಿದವಳು. ಹೋದ ವರ್ಷ ನನ್ನ ಮಗಳು ತುಂಬೆ, ಇಪ್ಪತ್ತೆರಡರ ಹುಡುಗಿ, ಗೋಡೆಯ ಕಡೆ ಮುಖ ಮಾಡಿ ಯಾರಿಗೋ ಉತ್ತರ ಕೊಡತೊಡಗಿದಳು. ಯಾರೋ ಬೈಯುತ್ತಾರೆಂದು ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ನೆರೆಯವರು ಕೇಳಿದಾಗ ನಾನು ಹೇಳಿದ್ದೇನು ಗೊತ್ತೇ? "ತುಂಬೆ ಕಾರವಾರದಾಗ ಕೆಲಸಕ್ಕ ಹತ್ಯಾಳ, ರಜಾ ಸಿಗವಲ್ದು." ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ನನ್ನಂಥವಳಿಗೇ. ಐದು ತಿಂಗಳು ಅವಳನ್ನು ಹಿಂದಿನ ಕೋಣೆಯಲ್ಲಿಟ್ಟೆ. ತಂದರೆ ಗೊತ್ತಾಗುತ್ತದೆಂದು ಔಷಧವನ್ನೂ ತರಲಿಲ್ಲ. ನಾಚಿಕೆಯಾಗುತ್ತದೆ ತಾಯಿ.

ನಮ್ಮಲ್ಲಿ ಪಾತ್ರೆ ತೊಳೆಯುವುದು ಓಣಿಯ ನಳದ ಬಳಿ. ಉಣ್ಣುವ ತಾಟಿನ ಮೇಲೂ ಅವರವರ ಹೆಸರಿರುತ್ತದೆ, ತುಂಬೆಯ ತಾಟು ಎಂಜಲಾಗಿ ಬಂದರೆ ಅವಳು ಮನೆಯಲ್ಲೇ ಇರುವುದು ಎಲ್ಲರಿಗೂ ತಿಳಿಯುತ್ತದೆ. ಅದಕ್ಕೇ ಅಟ್ಟದ ಪೆಟ್ಟಿಗೆಯಿಂದ ಹೆಸರು ಉಜ್ಜಿಹೋದ ಹಳೆಯ ತಾಟೊಂದನ್ನು ಹುಡುಕಿ ತೆಗೆದೆ. ಅದು ನಿಮ್ಮದು. ಉಂಡಾದ ಮೇಲೆ ತುಂಬೆ ಅಂಚಿನ ಮೇಲೆ ಬೆರಳಾಡಿಸುತ್ತ ಉಜ್ಜಿದ ಜಾಗಕ್ಕೆ ಬಂದು ನಿಂತಳು. "ಯವ್ವಾ, ಇಲ್ಲಿ ಒಬ್ಬಾಕಿ ಅದಾಳ. ಆಕಿನ್ನ ಯಾರೂ ಯಾಕ ಕರಿಯವಲ್ರು?" ಎಂದಳು. ಆ ಪ್ರಶ್ನೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ನಿಮ್ಮ ಕಿರಿಯ ಮಗಳು ಮುದುಕಿಯಾದ ಮೇಲೆ ಮೊಮ್ಮಗಳಿಗೆ ಹೇಳಿದ್ದು ಬಾಯಿಂದ ಬಾಯಿಗೆ ನನ್ನವರೆಗೂ ಬಂದಿದೆ. ಅಕ್ಕನಿಗೆ ಮನಸ್ಸಿನ ಬೇನೆಯಿತ್ತು. ತಂಗಿಯ ಮದುವೆ ತಪ್ಪೀತೆಂಬ ಭಯಕ್ಕೆ ನೀವು ಬೀಗರಿಗೆ, "ಹಿರೇಮಗಳು ಸೊಲ್ಲಾಪುರದಾಗ ಕೆಲಸಕ್ಕ ಹತ್ಯಾಳ್ರೀ, ರಜಾ ಸಿಗಲಿಲ್ಲ" ಎಂದಿರಿ. ಅಕ್ಕಿಕಾಳು ಬೀಳುವಾಗ ಅವಳು ಮಗ್ಗದ ಕೋಣೆಯಲ್ಲಿದ್ದಳು, ಹೊರಗಿನಿಂದ ಚಿಲಕ ಹಾಕಿತ್ತು. ಅವಳ ತಾಟನ್ನೇ ಹೆಸರು ಉಜ್ಜಿ ತಂಗಿಯ ಪಾತ್ರೆಗಳ ಜೊತೆ ಕಳಿಸಿದಿರಿ. ಆಮೇಲೆ ಅವಳೇನಾದಳೋ ಯಾರೂ ಹೇಳಿಲ್ಲ. ತಂಗಿ ಸಾಯುವವರೆಗೂ 'ಅಕ್ಕ' ಎಂದಳೇ ಹೊರತು ಹೆಸರು ಹೇಳಲಿಲ್ಲ. ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ನಿಮಗೆ ಯಾರೂ ಇರಲಿಲ್ಲ. ನನಗೆ ಇಡೀ ಓಣಿಯೇ ಇತ್ತು.

ಕೊನೆಗೆ ಹೊಸ ತಾಟಿನ ಮೇಲೆ ತುಂಬೆಯ ಹೆಸರು ಕೊರೆದು ಅವಳನ್ನೂ ಕರೆದುಕೊಂಡು ಪಾಳಿಮನೆಗೆ ಹೋದೆ. ಎದುರುಮನೆಯ ಫಕೀರವ್ವ, "ಕಾರವಾರದ ಬಸ್ಸು ಬಂತೇನವಾ?" ಎಂದು ನನ್ನನ್ನು ಕೇಳಿ, ಹೋಗಿ ತುಂಬೆಯ ಪಕ್ಕದಲ್ಲಿ ಕೂತಳು. ಹೆಸರು ಕೂಗಿದಾಗ ತುಂಬೆ 'ಓ' ಎಂದಳು. ನಿಮ್ಮ ತಾಟನ್ನೂ ಅದರ ಪಕ್ಕ ತೂಗುಹಾಕಿದ್ದೆವು. ಅದರ ಸರದಿ ಬಂದಾಗ ಕೂಗಲು ಹೆಸರಿಲ್ಲ, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತೇವೆ. ಆಗ ತುಂಬೆ ಬಾಗಿಲ ಕಡೆ ನೋಡುತ್ತಾಳೆ. ಈಗೀಗ ಎಲ್ಲರೂ ನೋಡುತ್ತಾರೆ.

ನಮಗೆ ಆಗಿಹೋದದ್ದು ನಿಮಗೆ ಇನ್ನೂ ಆಗಬೇಕಿದೆ. ಮದುವೆಗೆ ಎರಡು ದಿನ ಇರುವಾಗ ಈ ಪತ್ರ ನಿಮ್ಮ ಕೈಸೇರಲಿ. ಕೈಯಲ್ಲಿರುವ ಅರವನ್ನು ಕೆಳಗಿಡಿ. ಚಿಲಕ ತೆಗೆದು ಅವಳಿಗೆ ಅವಳ ತಾಟಿನಲ್ಲೇ ಬಡಿಸಿ. ಓಣಿಯಲ್ಲಿ ಒಬ್ಬರಿಗಾದರೂ ನಿಜ ಹೇಳಿ. ಬೀಗರು ಮದುವೆ ಮುರಿದುಕೊಂಡಾರು. ಮುರಿದರೆ ನಾನು ಹುಟ್ಟುವುದಿಲ್ಲ, ತುಂಬೆಯೂ ಹುಟ್ಟುವುದಿಲ್ಲ. ಅದನ್ನು ಅವಳಿಗೂ ಹೇಳಿದೆ. ತಾಟಿನ ಉಜ್ಜಿದ ಜಾಗದ ಮೇಲೆ ಬೆರಳಿಟ್ಟು, "ಆಕಿನ್ನ ಕರೀರಿ ಅಂತ ಬರಿ" ಎಂದಳು.

ತಾಟನ್ನು ಗೋಡೆಯಿಂದ ಇಳಿಸಿ ನನ್ನ ಮುಂದೆ ಬೋರಲಾಗಿ ಇಟ್ಟಿದ್ದೇನೆ. ತುಂಬೆ ಪಕ್ಕದಲ್ಲೇ ಕೂತಿದ್ದಾಳೆ. ನೀವು ಅರ ಕೆಳಗಿಟ್ಟರೆ ಉಜ್ಜಿದ ಜಾಗದಲ್ಲಿ ಹೆಸರು ಮರಳಿರುತ್ತದೆ. ಪತ್ರ ಮುಗಿದ ಮೇಲೆ ತಿರುಗಿಸಿ ಅದನ್ನು ಓದುತ್ತೇವೆ, ನಾವಿಬ್ಬರೂ ಇದ್ದರೆ.

ನೇಸರವ್ವ