ಮಹಡಿಯ ಬೆಕ್ಕಿನ ಟ್ರೇ ಕುರಿತು

ಗುಂಡ್ಲುಪೇಟೆ,
ಸೋಮವಾರ

ಮನೆಯ ಮಾಲೀಕರಾದ ಶ್ರೀ ಅಬ್ದುಲ್ ಸತ್ತಾರ್ ಅವರಿಗೆ ವಂದನೆಗಳು.

ತಿಂಗಳೊಳಗೆ ನನ್ನ ಎರಡು ಬೆಕ್ಕುಗಳನ್ನೂ ಹೊರಗೆ ಬಿಡಬೇಕೆಂಬ ತಮ್ಮ ಚೀಟಿ ತಲುಪಿತು. ಊಟಿ ರಸ್ತೆಯ ಲಾರಿಗಳ ನಡುವೆ ಅವು ಒಂದು ದಿನವೂ ಉಳಿಯಲಾರವು.

ಈ ಮೊದಲು ತಾವು ಹೇಳಿದ ವಾಸನೆಯ ದೂರು ನ್ಯಾಯವಾದದ್ದೆಂದೇ, ಬೆಕ್ಕುಗಳು ಮಲಮೂತ್ರಕ್ಕೆ ಬಳಸುತ್ತಿದ್ದ ಮರಳಿನ ತಟ್ಟೆ ತೆಗೆದು, ಜರಡಿಯಿರುವ ಹೊಸ ಟ್ರೇ ತರಿಸಿದೆ. ಅದರಲ್ಲಿ ಹಾಕುವ ಮರದ ಹೊಟ್ಟಿನ ಗುಳಿಗೆಗಳು ವಾಸನೆಯನ್ನು ಹೀರಿ, ಪುಡಿಯಾಗಿ ಕೆಳಗೆ ಬೀಳುತ್ತವೆ. ಆದರೂ ಬೆಕ್ಕುಗಳು ಟ್ರೇ ಬಿಟ್ಟು, ಕೆಳಗೆ ತಾವಿರುವ ಮನೆಯ ಮೆಟ್ಟಿಲ ಮೇಲೇ ಗಲೀಜು ಮಾಡತೊಡಗಿದವು. ಮೂರು ವಾರ ಅವುಗಳನ್ನು ಗದರಿದೆ.

ಇಂದು ಕಾರಣ ತಿಳಿಯಿತು. ನಮ್ಮೆರಡೂ ಮನೆ ಗುಡಿಸುವ ಗುರುಮಲ್ಲಮ್ಮ ಟ್ರೇಗೆ ಫಿನಾಯಿಲ್ ಸುರಿಯುತ್ತಿದ್ದಳು. “ವಾಸ್ನೆ ಓಗ್ಲಿ ಅಂತ ದಿನಾ ಹಾಕ್ತಿವ್ನಿ ಕಣಕ್ಕಾ, ಅಜೀಜಮ್ಮೋರೇ ಬಾಟ್ಲಿ ಕೊಟ್ಟವ್ರೆ” ಎಂದಳು. ಆ ಘಾಟಿಗೆ ಯಾವ ಬೆಕ್ಕು ಹತ್ತಿರ ಸುಳಿದೀತು?

ತಮ್ಮ ಪತ್ನಿ ಅಜೀಜಮ್ಮನವರ ಉದ್ದೇಶ ಒಳ್ಳೆಯದೇ ಇರಬಹುದು; ದಯವಿಟ್ಟು ಬಾಟಲಿಯನ್ನು ಹಿಂದಕ್ಕೆ ಪಡೆಯಿರಿ. ಬೆಕ್ಕುಗಳ ಕ್ಷಮೆ ಕೇಳಿದ್ದಾಯಿತು. ಮೆಟ್ಟಿಲಿಗಾಗಿ ತಮ್ಮ ಕ್ಷಮೆಯನ್ನೂ ಕೇಳುತ್ತೇನೆ.

ಹತ್ತು ದಿನ ಕಳೆದು ತಾವೇ ಬಂದು, ಟ್ರೇ ಪಕ್ಕದಲ್ಲಿ ಕುಳಿತು ಚಹಾ ಕುಡಿಯಿರಿ. ಲೋಟ ಬರಿದಾಗುವ ಮುನ್ನ ವಾಸನೆ ಬಂದರೆ ಮನೆ ಖಾಲಿ ಮಾಡುತ್ತೇವೆ, ನಾವು ಮೂವರೂ.

ಇಂತು,
ಬಿ. ಸರ್ವಮಂಗಳಾ
ನಿವೃತ್ತ ಶಿಕ್ಷಕಿ, ತಮ್ಮ ಮಹಡಿ ಮನೆ