ಎನ್ ಗೆದಿಯ ಗುಟ್ಟು

ತಿರ್ಜಾ,

ಈ ಕಾಗದ ನಿನ್ನನ್ನು ತಲುಪುವುದಿಲ್ಲ. ನಿನ್ನ ವಿಳಾಸವನ್ನು ನಾನು ಯಾರಲ್ಲೂ ಕೇಳಿಲ್ಲ. ಇವತ್ತು ನಮ್ಮ ಎನ್ ಗೆದಿಯ ಹಳೆಯ ಸಿನಗಾಗ್ ಪ್ರಾರ್ಥನಾಮಂದಿರದ ನೆಲದ ಬರಹವನ್ನು ಪ್ರವಾಸಿಗರಿಗೆ ತೋರಿಸುತ್ತಿದ್ದೆ. ಊರಿನ ಗುಟ್ಟು ಬಿಟ್ಟುಕೊಟ್ಟವರಿಗೆ ಅಲ್ಲಿ ಶಾಪವಿದೆಯಲ್ಲ.

"ಏನಮ್ಮಾ ಆ ಗುಟ್ಟು?" ಎಂದರು ಹೈಫಾದ ಅಜ್ಜಿಯೊಬ್ಬರು.

"ಸುಗಂಧತೈಲ ಮಾಡೋ ಕ್ರಮ ಇರ್ಬೇಕು ಅಂತಾರೆ. ಊರೇ ಸುಟ್ಟುಹೋಯ್ತು, ಯಾರೂ ಬಾಯಿಬಿಡ್ಲಿಲ್ಲ."

"ನಮ್ಮ ಬೀದಿಯಾಗಿದ್ರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರ್ತಿತ್ತು!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಯಾರಿಗೋ ಸಾಕಲು ಕೊಟ್ಟ ನಿನ್ನ ಮಗುವಿನ ವಿಷಯವನ್ನು ನೀನು ನನಗೊಬ್ಬಳಿಗೇ ಹೇಳಿದ್ದೆ. ನಾನು ಅಮ್ಮನಿಗೆ ಮಾತ್ರ ಹೇಳಿದೆ. ಮರುದಿನ ನೀನು ಒಳಗೆ ಬಂದಾಗ ಎಲ್ಲರೂ ಒಟ್ಟಾಗಿ ಬಾಳುವ ನಮ್ಮ ಕಿಬುತ್ಸ್‌ನ ಊಟದ ಮನೆಯೆಲ್ಲ ಸುಮ್ಮನಾಯಿತು.

ಶಾಪದ ಸಾಲನ್ನು ಓದಿ ಹೇಳೆಂದು ಅಜ್ಜಿ ಕೇಳಿದರು. ಬಸ್ಸಿಗೆ ಹೊತ್ತಾಯಿತು ಎಂದೆ. ಹೊತ್ತಾಗಿರಲಿಲ್ಲ.